ಟವೆಲ್ ಹಾಕದ ಸೀಟು

ಹೊಳವನಹಳ್ಳಿಯ ಭುವನಾ ಮೂರು ವರ್ಷ ಮಧುಗಿರಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿದವಳು. ಈಗ ಮನೆಯಲ್ಲೇ ಕೂತು, ಕಂಪ್ಯೂಟರನ್ನು ನಡೆಸುವ ತಿರುಳು ತಂತ್ರಾಂಶವಾದ ಕರ್ನಲ್‌ಗೆ ಇತರರು ಬರೆದ ತಿದ್ದುಪಡಿಗಳನ್ನು ಪರಿಶೀಲಿಸುತ್ತಾಳೆ. ಒಪ್ಪಿದರೆ ತಿದ್ದುಪಡಿಯ ಕೆಳಗೆ ಅವಳ ಹೆಸರು ಶಾಶ್ವತವಾಗಿ ಉಳಿಯುತ್ತದೆ. ಹೋದ ವರ್ಷ ಒಮ್ಮೆ, ಹಿರಿಯರು ಬರೆದದ್ದಲ್ಲವೇ ಎಂದು ಬರೀ ಓದಿ ಹೆಸರು ಹಾಕಿದ್ದಳು. ಅದರಲ್ಲಿದ್ದ ತಪ್ಪು ಹುಡುಕಲು ಬೇರೆ ಯಾರಿಗೋ ಹನ್ನೊಂದು ದಿನ ಹಿಡಿಯಿತು. ಅಂದಿನಿಂದ ತಾನೇ ಓಡಿಸಿ ನೋಡದ ಯಾವುದಕ್ಕೂ ಅವಳು ಹೆಸರು ಹಾಕುವುದಿಲ್ಲ.

ಈ ಸಲದ್ದು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ದಾಖಲಿಸುವ ಭಾಗದ ತಿದ್ದುಪಡಿ. ದಾಖಲೆ ಬರೆಯುವಾಗ ಯಂತ್ರ ಆಗಾಗ ನಿಂತುಹೋಗುತ್ತಿತ್ತು. ಬರೆಯುವ ಮೊದಲು, ದಾಖಲೆಗೆ ಕೊಟ್ಟ ಜಾಗ ಮೆಮೊರಿಯಲ್ಲಿ ಇನ್ನೂ ಇದೆಯೇ ಎಂದು ನೋಡುವ ಒಂದು ಸಾಲನ್ನು ತಂಡದ ಮುಖ್ಯಸ್ಥ ಪ್ರಭುದೇವ್ ಸೇರಿಸಿದ್ದ. ಬೆಳಿಗ್ಗೆಯೇ ಅವನ ಫೋನ್ ಬಂತು.

"ಸಂಜೆಯೊಳಗೆ ಹೋಗ್ಬೇಕು ಕಣಮ್ಮ. ಇಬ್ರು ಸೈ ಅಂದಿದಾರೆ, ನಿಂದೇನು?"

"ನೋಡೋದಕ್ಕೂ ಬರೆಯೋದಕ್ಕೂ ಮಧ್ಯೆ ಅದೇ ಯಂತ್ರದ ಇನ್ನೊಂದು ಪ್ರೊಸೆಸರ್ ಆ ಜಾಗಾನ ಬೇರೆ ಕೆಲಸಕ್ಕೆ ಬಿಟ್ಟುಕೊಟ್ಬಿಟ್ರೆ, ಸರ್?"

"ಕೋಟಿಗೊಂದ್ಸಲ ಆಗ್ಬೋದು!"

"ಆ ಒಂದ್ಸಲಕ್ಕೂ ನನ್ ಹೆಸರೇ ಇರುತ್ತಲ್ಲ."

"ಹಂಗಾದ್ರೆ ಮುಂದಿನ ತಿಂಗಳಿಂದ ಈ ಕೆಲಸಕ್ಕೆ ಬೇರೆಯವರನ್ನ ನೋಡ್ಕೋತೀನಿ."

ಕೊರಟಗೆರೆಗೆ ಹೊರಟು ನಿಂತಿದ್ದ ಅಮ್ಮ ಸರೋಜಮ್ಮ ಏನೆಂದು ಕೇಳಿದರು. ಭುವನಾ ಬಿಡಿಸಿ ಹೇಳಿದಳು.

"ಅಂದ್ರೆ ಸೀಟು ಖಾಲಿ ಐತೆ ಅಂತ ಬಸ್ಸಿನ ಕಿಟಕೀಲಿ ನೋಡ್ಬುಟ್ಟು, ಟವೆಲ್ ಹಾಕ್ದೆ ಬಾಗಿಲ ಕಡೆ ಓಡ್ದಂಗೆ. ನಿಮ್ಮಪ್ಪ ಹಂಗೇ ಮಾಡಿ ಸಿರಾ ತಂಕ ನಿಂತ್ಕಂಡು ಹೋದ್ರು!"

"ಒಂದೇ ಸಲ ಕಣೇ ಅದು!" ಒಳಗಿಂದ ಅಪ್ಪ ನಂದೀಶ್ವರಯ್ಯ ಕೂಗಿದರು.

"ಒಂದೇ ಸಲಕ್ಕೆ ಕಾಲು ಊದ್ಕಳ್ಳಿಲ್ವಾ?"

ಭುವನಾ ನಕ್ಕಳು. ಆದರೆ ಹೋಲಿಕೆ ಸಾಕ್ಷಿಯಾಗದು. ಒಂದು ಪ್ರೊಸೆಸರ್ ಬರೆಯುತ್ತಿರುವಾಗಲೇ ಇನ್ನೊಂದು ಆ ಜಾಗವನ್ನು ಬಿಟ್ಟುಕೊಡುವಂತೆ ಪರೀಕ್ಷೆಯೊಂದನ್ನು ಬರೆದು ಓಡಿಸಿದಳು. ನಲವತ್ತು ನಿಮಿಷಕ್ಕೆ ಯಂತ್ರ ನಿಂತಿತು. ಮತ್ತೆ ಓಡಿಸಿದಳು, ಐವತ್ತೆರಡಕ್ಕೆ ನಿಂತಿತು. ನೋಡುವ ಮೊದಲೇ ಬೇರೆ ಪ್ರೊಸೆಸರ್ ಮುಟ್ಟದಂತೆ ಆ ಜಾಗಕ್ಕೆ ಬೀಗ ಹಾಕಿ, ಬರೆದಾದ ಮೇಲೆ ತೆಗೆಯುವಂತೆ ಬದಲಿಸಿದಳು. ಮೂರು ಗಂಟೆ ಓಡಿದರೂ ನಿಲ್ಲಲಿಲ್ಲ.

ಪ್ರಭುದೇವ್‌ಗೆ ಮಾತ್ರ ಬರೆದು ತಿಳಿಸಬಹುದಿತ್ತು. ಅವಳು ಎಲ್ಲರೂ ಓದುವ ಮೇಲಿಂಗ್ ಲಿಸ್ಟಿಗೇ ಹಾಕಿದಳು. ಪರೀಕ್ಷೆ, ಫಲಿತಾಂಶ, ಕೊನೆಗೆ ಎರಡು ವಾಕ್ಯ: "ಇದನ್ನು ಸೇರಿಸಬೇಡಿ. ಅನುಮಾನವಿದ್ದವರು ಓಡಿಸಿ ನೋಡಿ." ಸೈ ಅಂದಿದ್ದ ಇಬ್ಬರೂ ಸಂಜೆ ಐದರೊಳಗೆ ತಮ್ಮ ಹೆಸರು ಹಿಂತೆಗೆದುಕೊಂಡರು.

ಫೋನ್ ಮತ್ತೆ ಬಂತು. "ಎಲ್ಲರ ಮುಂದೆ ಹಿಂಗ್ ಮಾಡ್ಬಿಟ್ಯಲ್ಲಮ್ಮ!"

"ಸಂಜೆಯೊಳಗೆ ನನ್ ಹೆಸರು ಬೇಕು ಅಂದ್ರಲ್ಲ ಸರ್. ಆ ಪತ್ರದ ಕೆಳಗೆ ಹಾಕಿದೀನಿ, ನೋಡಿ."