ಮುನಿರತ್ನಮ್ಮನ ಮೂರನೇ ಕತೆ

ಮುನಿರತ್ನಮ್ಮ ಶಾಲೆಯಲ್ಲಿ ಓದಿದ್ದು ಏಳನೇ ತರಗತಿ. ಆಮೇಲೆ ಓದಿದ್ದೆಲ್ಲ ರೇಷ್ಮೆ ಹುಳುವಿನ ಹಿಕ್ಕೆ ಕೊಡವಿ ಓದಿದ್ದು. ಕನಕಪುರದ ಹತ್ತಿರದ ಅವಳ ಗಂಡನ ಊರಿನಲ್ಲಿ ಆಗ, ಅಂದರೆ ಎಂಬತ್ತರ ದಶಕದ ಕೊನೆಯಲ್ಲಿ, ಮನೆಮನೆಗೂ ಹುಳು ಸಾಕುತ್ತಿದ್ದರು. ಬಿದಿರು ತಟ್ಟೆಗೆ ಹಾಸುವುದಕ್ಕೆ ಗಂಡ ಕೆಂಚಯ್ಯ ಪೇಟೆಯಿಂದ ರದ್ದಿ ಕಾಗದ ತರುತ್ತಿದ್ದ. ಆ ರದ್ದಿಯಲ್ಲಿ ದೆವ್ವ, ಮಾಟ, ಮೋಹಿನಿಯರ ಮಾಸಪತ್ರಿಕೆಗಳೇ ಹೆಚ್ಚು. ತಟ್ಟೆ ಬದಲಿಸುವಾಗ ಮುನಿರತ್ನಮ್ಮ ಹಳೇ ಸೊಪ್ಪಿನ ಕಡ್ಡಿ ಸರಿಸಿ, ಹಿಕ್ಕೆ ಕೊಡವಿ, ನಿಂತಲ್ಲೇ ಓದುವಳು. ದೆವ್ವ ಬಾಗಿಲು ತಟ್ಟುವ ಹೊತ್ತಿಗೆ ಸರಿಯಾಗಿ ಪುಟ ಮುಗಿಯುತ್ತಿತ್ತು. ಮುಂದಿನ ಪುಟ ಯಾವ ತಟ್ಟೆಯ ಕೆಳಗಿದೆಯೋ, ಯಾರ ಮನೆಗೆ ಹೋಗಿದೆಯೋ. ಸೊಪ್ಪು ಕೊಯ್ಯುವಾಗ ಉಳಿದದ್ದನ್ನು ಅವಳೇ ಹೊಂದಿಸಿಕೊಳ್ಳುತ್ತಿದ್ದಳು. ಹಾಗೆ ಹೊಂದಿಸಿ ಹೊಂದಿಸಿ, ಒಂದು ದಿನ ಮಗಳ ಹಳೇ ನೋಟುಬುಕ್ಕಿನ ಹಿಂಭಾಗದಲ್ಲಿ ಬರೆಯತೊಡಗಿದಳು.

ಅಂಥದೇ ಒಂದು ಹರಿದ ಪುಟದಲ್ಲಿ ಅವಳಿಗೆ ಪ್ರಕಟಣೆ ಸಿಕ್ಕಿತು. ದೆವ್ವ ಭೂತಗಳ ವಿಚಿತ್ರ ಕತೆ ಬರೆಯುವವರು ಪ್ರತಿ ತಿಂಗಳ ಎರಡನೇ ಭಾನುವಾರ ಮಧ್ಯಾಹ್ನ ಚನ್ನಪಟ್ಟಣದಲ್ಲಿ ಸೇರುತ್ತಾರೆ, ಆಸಕ್ತರು ಕಾಗದ ಬರೆಯಬಹುದು, ಸದಸ್ಯರ ಕತೆಗಳನ್ನು ವರ್ಷಕ್ಕೊಮ್ಮೆ ಪುಸ್ತಕ ಮಾಡುತ್ತೇವೆ ಎಂದಿತ್ತು. ಪುಟ ಮೂರು ವರ್ಷ ಹಳೆಯದು. ಆದರೂ ಅವಳು ಕಾಗದ ಬರೆದಳು. ಹತ್ತೇ ದಿನಕ್ಕೆ ಉತ್ತರ ಬಂತು: ‘ಬನ್ನಿ. ಕತೆ ತನ್ನಿ.’

ಕೆಂಚಯ್ಯ ಉತ್ತರವನ್ನು ಎರಡು ಸಲ ಓದಿಸಿಕೊಂಡ.

“ಪುಸ್ತಕ ಮಾಡ್ತಾರಂತಾ? ಮಾಡ್ಲಿ ಬುಡು. ನಾಳೆ ಅದ್ನೂ ನಾನೇ ರದ್ದೀಲಿ ತಂದು ತಟ್ಟೆಗೆ ಹಾಸ್ತೀನಿ.”

“ಹಾಸಿ. ಯಾರಾದ್ರೂ ಹೆಂಗ್ಸು ಕೊಡವಿ ಓದ್ಕತಾಳೆ,” ಎಂದಳು ಮುನಿರತ್ನಮ್ಮ. ಅವಳಿಗೆ ಬೇಕಾಗಿದ್ದದ್ದೂ ಅಷ್ಟೇ. ಮಗಳ ನೋಟುಬುಕ್ಕಿನಿಂದ ಎದ್ದು ಒಂದು ಕತೆ ಅಚ್ಚಿನ ಪುಟಕ್ಕೆ ಹೋಗಬೇಕು.

ಬಳಗ ಸೇರುತ್ತಿದ್ದದ್ದು ಇಮಾಮ್ ಸಾಬರ ಗೊಂಬೆ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ಮನೆಯ ಮುಂದಿನ ಒಂದು ಉದ್ದನೆಯ ಕೋಣೆ. ಅರಗಿನ ವಾಸನೆ, ಮರದ ಹೊಟ್ಟು, ಗೋಡೆಯುದ್ದಕ್ಕೂ ಇನ್ನೂ ಕಣ್ಣು ಬರೆಯದ ಗೊಂಬೆಗಳ ಸಾಲು. ಸಾಬರು ಇಪ್ಪತ್ತು ವರ್ಷದಿಂದ ದೆವ್ವದ ಕತೆ ಬರೆಯುತ್ತಿದ್ದರು. ಬಳಗದ ಕಾರ್ಯದರ್ಶಿ ರಾಮನಗರದ ಹೈಸ್ಕೂಲ್ ಮೇಷ್ಟ್ರು ಮುನಿಶಾಮಯ್ಯ. ನಡಾವಳಿ ಪುಸ್ತಕ ಅವರ ಕಂಕುಳಿನಿಂದ ಇಳಿಯುತ್ತಲೇ ಇರಲಿಲ್ಲ. ಇನ್ನು ಚನ್ನಪಟ್ಟಣಕ್ಕೆ ಮೂರು ಮೈಲಿಯ ಹಳ್ಳಿಯ ರೈತ ದೊಡ್ಡಮುನಿಯಪ್ಪ, ಹುಣಸೆಮರದ ದೆವ್ವಗಳಲ್ಲಿ ಪಳಗಿದವನು. ಇವರಲ್ಲದೆ ಇನ್ನೂ ನಾಲ್ಕು ಜನ.

ಹೊಸಬರನ್ನು ಪರೀಕ್ಷಿಸುವುದಕ್ಕೆ ಬಳಗಕ್ಕೆ ಒಂದು ಪದ್ಧತಿ ಇತ್ತು. ಓದು ಶುರುವಾಗುವ ಮುಂಚೆ ಸಾಬರ ಹೆಂಡತಿ ಅಕ್ಬರಿ ಬೇಗಂ ಎಲ್ಲರಿಗೂ ಬಿಸಿ ಟೀ ಇಡುತ್ತಿದ್ದರು. ಓದು ಮುಗಿದಾಗ ಎಲ್ಲ ಗ್ಲಾಸಿನಲ್ಲೂ ಟೀ ಕೆನೆ ಕಟ್ಟಿ ಕೂತಿದ್ದರೆ ಕತೆ ಗೆದ್ದಂತೆ, ಹೊಸಬರು ಸದಸ್ಯರಾದಂತೆ. ಒಂದು ಗ್ಲಾಸು ಖಾಲಿಯಾಗಿದ್ದರೂ ಬಿದ್ದಂತೆ. ಮೂರು ಸಲ ಬಿದ್ದವರು ಮುಂದೆ ಬಂದು ಕೇಳಬಹುದು, ಓದುವಂತಿಲ್ಲ.

“ಕುಡುದ್ರೆ ಕತೆ ಫೇಲು, ಬಿಟ್ರೆ ನನ್ ಟೀ ಫೇಲು,” ಎನ್ನುತ್ತಿದ್ದರು ಅಕ್ಬರಿ ಬೇಗಂ. “ಹೆಂಗಾದ್ರೂ ನಂಗೇ ಮರ್ಯಾದೆ ಇಲ್ಲ.”

ಮುನಿರತ್ನಮ್ಮನ ಮೊದಲ ಕತೆಯ ದಿನ ಅವರ ಟೀಗೆ ಮರ್ಯಾದೆ ಸಿಕ್ಕಿತು. ಕತೆಯ ದೆವ್ವ ಹುಳುಮನೆಗೆ ನುಗ್ಗುವ ಮುಂಚೆ ಬಾಗಿಲಲ್ಲಿಟ್ಟಿದ್ದ ನೀರಿನಲ್ಲಿ ಕೈಕಾಲು ತೊಳೆದುಕೊಂಡಿತು. ದೊಡ್ಡಮುನಿಯಪ್ಪ ಅಲ್ಲೇ ನಗತೊಡಗಿದ.

“ಯಾಕ್ರವ್ವಾ, ದೆವ್ವ ಯಾಕೆ ಕಾಲ್ ತೊಳೀತು?”

“ತೊಳೀದೆ ಹುಳುಮನೆಗೆ ಹೋದ್ರೆ ಹುಳಕ್ಕೆ ರೋಗ ಬರಾಕಿಲ್ವಾ ಅಣ್ಣ?” ಎಂದು ಅವಳು ಕೇಳಿದಳು. ಏಳು ಗ್ಲಾಸೂ ಖಾಲಿ.

ಎರಡನೇ ಕತೆಗೆ ಅವಳು ಬಹಳ ಕಷ್ಟಪಟ್ಟಳು. ದೇವರಿಗೆ ದೀಪ ಹಚ್ಚಿ, ಊರಮ್ಮನಾದ ಮಾರಮ್ಮನಲ್ಲಿ ತಪ್ಪಾಯಿತೆಂದು ಮೊದಲೇ ಕೇಳಿಕೊಂಡು, ಮುಖವಿಲ್ಲದ, ಕಾಲು ತೊಳೆಯದ ಒಂದು ದೆವ್ವವನ್ನು ಬರೆದಳು. ಮೊದಲ ಎರಡು ಪುಟ ಯಾರೂ ಗ್ಲಾಸು ಮುಟ್ಟಲಿಲ್ಲ. ಮೂರನೇ ಪುಟದಲ್ಲಿ ಕತೆಯ ಹೆಂಗಸು ‘ಅವ್ವಾ ಮಾರಮ್ಮ’ ಎಂದು ಕೂಗಿದಳು. ಮಾರಮ್ಮ ಬಂದಳು, ದೆವ್ವ ಓಡಿತು, ಉಳಿದ ನಾಲ್ಕು ಪುಟದ ತುಂಬ ಮಾರಮ್ಮನ ಪೂಜೆಯೇ ನಡೆಯಿತು. ಎಲ್ಲರೂ ನೆಮ್ಮದಿಯಾಗಿ ಟೀ ಕುಡಿದರು.

ಮುನಿಶಾಮಯ್ಯ ಕನ್ನಡಕ ಒರೆಸಿಕೊಂಡು, “ನೋಡಿ ತಾಯಿ, ದೇವಿಯನ್ನ ಒಂದು ಐದು ಪುಟ ತಡೆದು ನಿಲ್ಲಿಸಬೇಕಾಗಿತ್ತು,” ಎಂದರು.

“ಕರುದ್ರೆ ಬರ್ದೆ ಇರ್ತಾಳಾ ಮೇಷ್ಟ್ರೇ? ನಾನೆಂಗೆ ಬಾಗ್ಲಲ್ಲಿ ನಿಲ್ಸಾದು?”

ಮೇಷ್ಟ್ರು ನಡಾವಳಿ ಪುಸ್ತಕದಲ್ಲಿ ‘ಎರಡನೇ ಅವಕಾಶ, ಅನುತ್ತೀರ್ಣ’ ಎಂದು ಬರೆದರು.

ಉಳಿದದ್ದು ಒಂದೇ ಅವಕಾಶ. ಹೊರಡುವಾಗ ಇಮಾಮ್ ಸಾಬರು ಬಾಗಿಲವರೆಗೂ ಬಂದರು. “ತಂಗೀ, ದೆವ್ವ ಬುಡು. ದೆವ್ವಕ್ಕೆ ನೀನು ಹೆದರಾಕಿಲ್ಲ, ನಾವೆಂಗೆ ಹೆದ್ರಾದು? ನಿಂಗೆ ಯಾವುದಕ್ಕೆ ಭಯ, ಅದ್ನ ಬರಿ.”

ತನಗೆ ಯಾವುದಕ್ಕೆ ಭಯ ಎಂದು ಮುನಿರತ್ನಮ್ಮ ಹದಿನೈದು ದಿನ ಯೋಚಿಸಿದಳು. ಕೆಂಚಯ್ಯನನ್ನು ಕೇಳಿದಳು. “ನಿಂಗೆ ಭಯಾನಾ? ಇದ್ದಿದ್ರೆ ನಾನ್ ಒಸಿ ಸುಖವಾಗಿರ್ತಿದ್ದೆ,” ಎಂದ ಅವನು.

ಅವಳಿಗೆ ಅದು ಗೊತ್ತಾದದ್ದು ಹುಳುಮನೆಯಲ್ಲೇ. ಹುಳು ಮೇವು ಬಿಟ್ಟು ಮಲಗಿ ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿಗೆ ಹಸಿವೋ ಹಸಿವು. ಹಗಲೂ ರಾತ್ರಿ ಸೊಪ್ಪು ಮೇಯುವ ಸದ್ದು ಹೆಂಚಿನ ಮೇಲೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಆ ಮಧ್ಯಾಹ್ನ ಸೊಪ್ಪಿನ ಕುಕ್ಕೆ ಹೊತ್ತು ಬಾಗಿಲ ಬಳಿ ಬಂದ ಅವಳು ಆ ಸದ್ದು ಕೇಳಿ ಎಂದಿನ ಹಾಗೆ ಉಸಿರು ಬಿಟ್ಟಳು. ಬಿಟ್ಟ ಮೇಲೆ, ಇಷ್ಟು ಹೊತ್ತು ಯಾಕೆ ಉಸಿರು ಹಿಡಿದಿದ್ದೆ ಎಂದು ಯೋಚನೆ ಬಂತು. ಹದಿನೆಂಟು ವರ್ಷದಿಂದ, ದಿನಕ್ಕೆ ನಾಲ್ಕು ಸಲ, ಇವತ್ತು ಸದ್ದಿಲ್ಲದಿದ್ದರೆ ಎಂದು ಆ ಬಾಗಿಲಲ್ಲಿ ಅವಳು ಉಸಿರು ಹಿಡಿಯುತ್ತಲೇ ಇದ್ದಳು.

ಆದರೆ ಮನೆಯಲ್ಲಿ ಹುಳು ಇರುವಾಗ ಅಂಥದ್ದನ್ನು ಬರೆಯುವುದು ಅಪಶಕುನ. ಅವಳು ಕಾದಳು. ಹುಳು ಹಣ್ಣಾಗಿ, ಚಂದ್ರಂಕಿಯ ಬಿದಿರು ಸುತ್ತಿನಲ್ಲಿ ಗೂಡು ಕಟ್ಟಿ, ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮೇಲೆ ಹುಳುಮನೆ ತೊಳೆದು, ಸ್ನಾನ ಮಾಡಿ ಕೂತು ಬರೆದಳು. ಈ ಸಲ ದೆವ್ವವೂ ಇಲ್ಲ, ಮಾರಮ್ಮನೂ ಇಲ್ಲ. ತನ್ನ ಮನೆಯ ಮಟ್ಟಿಗೆ ಯಾವ ತಪ್ಪೂ ಆಗದ ಹಾಗೆ ನೋಡಿಕೊಂಡೆ ಎಂದು ನಿಶ್ಚಿಂತೆಯಿಂದ ಬಸ್ಸು ಹತ್ತಿದಳು. ಬೇರೆಯವರ ಮನೆಯ ಹುಳುವಿನ ಯೋಚನೆ ಅವಳಿಗೆ ಬರಲೇ ಇಲ್ಲ.

ಟೀ ಬಂತು. ಮುನಿರತ್ನಮ್ಮ ಓದತೊಡಗಿದಳು.

ಕತೆಯಲ್ಲಿ ಒಬ್ಬ ಹೆಂಗಸು ಸೊಪ್ಪಿನ ಕುಕ್ಕೆ ಹೊತ್ತು ಹುಳುಮನೆಯ ಬಾಗಿಲಿಗೆ ಬರುತ್ತಾಳೆ. ನಾಲ್ಕನೇ ಜ್ವರ ಎದ್ದು ಮೂರನೇ ದಿನ. ಒಳಗೆ ಸದ್ದೇ ಇಲ್ಲ. ಬಾಗಿಲು ತೆಗೆಯುತ್ತಾಳೆ. ಹುಳು ಸತ್ತಿಲ್ಲ. ಅಷ್ಟೂ ತಟ್ಟೆಗಳ ಅಷ್ಟೂ ಹುಳು ತಲೆ ಎತ್ತಿಕೊಂಡು ಬಾಗಿಲ ಕಡೆಗೇ ತಿರುಗಿ ನಿಂತಿವೆ. ಸೊಪ್ಪು ಹಾಕುತ್ತಾಳೆ. ಒಂದೂ ಬಾಯಿ ಹಾಕುವುದಿಲ್ಲ. ಆಗ ಅವಳ ಬೆನ್ನ ಹಿಂದೆ, ಮನೆಯೊಳಗಿಂದ, ಅತ್ತೆ ಮಲಗಿರುವ ಕೋಣೆಯಿಂದ, ಮೇಯುವ ಸದ್ದು ಕೇಳತೊಡಗುತ್ತದೆ.

ಇಷ್ಟಾಗುವಾಗ ದೊಡ್ಡಮುನಿಯಪ್ಪ ಎದ್ದುನಿಂತ. ಅವನ ಮುಖ ಬಿಳಿಚಿತ್ತು. ಮುಂದಿದ್ದ ಟೀಯನ್ನು ಒಂದೇ ಸಲಕ್ಕೆ ಗಂಟಲಿಗೆ ಸುರಿದುಕೊಂಡ.

“ನಮ್ಮನೇಲಿ ಹುಳ ಜ್ವರ ಎದ್ದು ಇವತ್ತಿಗೆ ಮೂರು ದಿನ,” ಎಂದವನೇ ಚಪ್ಪಲಿ ಕೂಡ ಮೆಟ್ಟದೆ ಸೈಕಲ್ ಹತ್ತಿ ಹೊರಟುಹೋದ.

ಆರು ಗ್ಲಾಸಿನಲ್ಲಿ ಟೀ ದಪ್ಪಗೆ ಕೆನೆ ಕಟ್ಟಿತ್ತು. ಒಂದು ಖಾಲಿ. ಮುನಿಶಾಮಯ್ಯ ಆ ಖಾಲಿ ಗ್ಲಾಸನ್ನು ಎತ್ತಿ, ಬಗ್ಗಿಸಿ, ಒಳಗೆ ನೋಡಿ ಕೆಳಗಿಟ್ಟರು.

“ಖಾಲಿ,” ಎಂದರು.

“ಮೇಷ್ಟ್ರೇ, ಅವ್ನು ಹೆದ್ರಿ ಕುಡುದ,” ಎಂದರು ಇಮಾಮ್ ಸಾಬರು.

“ಹೆದರಿ ಕುಡಿದರೆ ಲೆಕ್ಕಕ್ಕಿಲ್ಲ ಅಂತ ನಿಯಮದಲ್ಲಿ ಎಲ್ಲಿದೆ? ಖಾಲಿ ಅಂದ್ರೆ ಖಾಲಿ.”

“ನಿಮ್ ಗ್ಲಾಸ್ ನೋಡ್ಕಳಿ.”

ಮೇಷ್ಟ್ರ ಗ್ಲಾಸಿನ ಕೆನೆಯ ಮೇಲೆ ನೊಣ ಕೂತಿತ್ತು. “ನನ್ನ ಗ್ಲಾಸಿನ ಮಾತು ಬೇರೆ,” ಎಂದು ಅವರು ಪೆನ್ನಿನ ಮುಚ್ಚಳ ತೆಗೆದರು.

ಮುನಿರತ್ನಮ್ಮ ಇದ್ಯಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ನೋಟುಬುಕ್ಕು ಮುಚ್ಚಿ ಚೀಲಕ್ಕೆ ಹಾಕಿ, ಅದರ ಮೇಲೆ ಕೈಯಿಟ್ಟು ಕೂತಿದ್ದಳು. ಉಂಡು ಉಟ್ಟು ಇರುವ ಮನೆಯ ಹುಳುವಿನ ಮೇಲೆ ಬಾಯಿ ಬಿಟ್ಟುಬಿಟ್ಟೆನಲ್ಲ ಎಂದು ಅವಳಿಗೆ ಅಳುವೇ ಬಂದಿತ್ತು.

“ಮೇಷ್ಟ್ರೇ, ನೀವ್ ಫೇಲ್ ಅಂತ್ಲೇ ಬರ್ಕಳಿ,” ಎಂದಳು. “ನಾನ್ ಇನ್ ಓದಾಕಿಲ್ಲ. ಆವಣ್ಣನ ಹುಳ ನೆಟ್ಟಗಿದ್ರೆ ಸಾಕು. ಮಾರಮ್ಮಂಗೆ ಕಾಯಿ ಒಡುಸ್ತೀನಿ.”

ಮೇಷ್ಟ್ರು ಪೆನ್ನು ಹಿಡಿದುಕೊಂಡೇ ಕೂತರು. ಬರೆಯಲಿಲ್ಲ. ಅಕ್ಬರಿ ಬೇಗಂ ಪರದೆ ಸರಿಸಿ ಬಂದು ಮುನಿರತ್ನಮ್ಮನ ಪಕ್ಕ ಕೂತು, “ಅಳ್ಬೇಡಿ. ಅವ್ನು ಬರ್ತಾನೆ. ಚಪ್ಪಲಿ ಇಲ್ಲೇ ಬಿಟ್ಟವನೆ,” ಎಂದರು.

ಒಂದೂವರೆ ಗಂಟೆ ಯಾರೂ ಎದ್ದು ಹೋಗಲಿಲ್ಲ.

ಸೈಕಲ್ ಸದ್ದಾಯಿತು. ದೊಡ್ಡಮುನಿಯಪ್ಪ ಬೆವರಿಳಿಸಿಕೊಂಡು ಒಳಗೆ ಬಂದ.

“ಮೇಯ್ತಾ ಅವೆ,” ಎಂದ. “ಜಡಿ ಮಳೆ ಸುರದಂಗೆ ಮೇಯ್ತಾ ಅವೆ. ಒಂದ್ ಕುಕ್ಕೆ ಸೊಪ್ಪು ಹಾಕ್ಬುಟ್ಟು, ಬಾಗ್ಲಲ್ಲಿ ಕೂತು ಕೇಳಿ ಬಂದೆ. ನಮ್ಮವ್ವನ್ನೂ ನೋಡ್ದೆ. ಯಾಕ್ಲಾ ಹಿಂಗೆ ನೋಡ್ತೀಯಾ ಅಂತ ಬಯ್ದ್ಳು.”

ಎಲ್ಲರಿಗೂ ಜೀವ ಬಂತು. ಮುನಿರತ್ನಮ್ಮ ಕಣ್ಣು ಮುಚ್ಚಿ ಕೈಮುಗಿದಳು. ಇಮಾಮ್ ಸಾಬರು ಇದೇ ಸಮಯವೆಂದು, “ಹಂಗಾದ್ರೆ ಉಳಿದಿದ್ದು ಓದು ತಂಗಿ. ಇವ್ನಿಗೆ ಬೇರೆ ಟೀ ಕೊಡ್ಸಾಣ, ನ್ಯಾಯ ಸರಿಯಾಯ್ತದೆ,” ಎಂದರು.

“ಓದ್ಬ್ಯಾಡಿ,” ಎಂದ ದೊಡ್ಡಮುನಿಯಪ್ಪ. ಬಾಗಿಲಿಗೆ ಅಡ್ಡ ನಿಂತುಬಿಟ್ಟಿದ್ದ. “ನಿಮ್ ಕಾಲಿಗೆ ಬೀಳ್ತೀನಿ ರತ್ನಮ್ನೋರೆ. ನಮ್ ಹುಳ ಗೂಡ್ ಕಟ್ಟಾ ಗಂಟ ಒಂದಕ್ಸರ ಮುಂದಕ್ಕೆ ಓದ್ಬ್ಯಾಡಿ. ಆಮೇಲೆ ನಾನೇ ನಿಮ್ಮೂರಿಗೆ ಬಂದು ಕರ್ಕಂಡ್ ಬತ್ತೀನಿ. ಒಳಗೆ ಮೇಯ್ತಿದ್ದದ್ದು ಏನು ಅಂತ ನಂಗೂ ಬೇಕು. ಈಗ ಬ್ಯಾಡ.”

“ಸಭೆಯ ಓದನ್ನ ಹಾಗೆಲ್ಲ ನಿಲ್ಲಿಸೋಕೆ ಬರಲ್ಲ,” ಎಂದರು ಮೇಷ್ಟ್ರು. “ನಿಲ್ಲಿಸಬೇಕಾದರೆ ಠರಾವು ಆಗಬೇಕು.”

“ಮಾಡಿ ಠರಾವು,” ಎಂದು ಆರು ಜನವೂ ಕೈಯೆತ್ತಿದರು.

ಮುನಿಶಾಮಯ್ಯ ಬರೆದರು; ಬರೆದದ್ದನ್ನು ಪದ್ಧತಿಯಂತೆ ಗಟ್ಟಿಯಾಗಿ ಓದಿದರು: “ಸದಸ್ಯರಾದ ಶ್ರೀ ದೊಡ್ಡಮುನಿಯಪ್ಪನವರ ಮನೆಯ ಹುಳು ಗೂಡು ಕಟ್ಟಿ ಮುಗಿಸುವವರೆಗೆ, ಸದಸ್ಯರ ಕ್ಷೇಮದ ದೃಷ್ಟಿಯಿಂದ, ಶ್ರೀಮತಿ ಮುನಿರತ್ನಮ್ಮನವರ ಕತೆಯ ಉಳಿದ ಭಾಗವನ್ನು ಓದಕೂಡದೆಂದು ಸರ್ವಾನುಮತದಿಂದ...”

ಅಲ್ಲಿಗೆ ನಿಂತರು. ಇನ್ನೊಂದು ಸಲ ಮನಸ್ಸಿನಲ್ಲೇ ಓದಿಕೊಂಡರು. ಇಪ್ಪತ್ತು ವರ್ಷದ ನಡಾವಳಿಯಲ್ಲಿ ಯಾವ ಕತೆಗೂ ಇಂಥ ಠರಾವು ಆಗಿರಲಿಲ್ಲ. ಅವರ ಸ್ವಂತ ಕತೆಗಳಿಗೂ ಆಗಿರಲಿಲ್ಲ. ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ಪುಸ್ತಕದ ಹಿಂಭಾಗ ತಿರುಗಿಸಿ, ಸದಸ್ಯರ ಪಟ್ಟಿಯ ಕೊನೆಯಲ್ಲಿ ‘ಎಂಟು’ ಎಂದು ಬರೆದರು.

“ಇನಿಷಿಯಲ್ ಏನಮ್ಮ?” ಎಂದು ಕೇಳಿದರು.

ಬಸ್‌ಸ್ಟ್ಯಾಂಡಿನಲ್ಲಿ ಮುನಿರತ್ನಮ್ಮ ರಾಮನಗರದ ಬಸ್ಸಿಗೆ ಕಾಯುತ್ತಿದ್ದಾಗ ಮೇಷ್ಟ್ರು ಸೈಕಲ್ ತಳ್ಳಿಕೊಂಡು ಬಂದರು. ಬಿಸಿಲು, ಮಳೆ ಏನೇ ಇರಲಿ, ಅವರು ರಾಮನಗರದಿಂದ ಸೈಕಲ್ ತುಳಿದೇ ಬರುವವರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು:

“ನಮ್ಮ ಮನೇಲಿ ಹುಳು ಸಾಕಿಲ್ಲ. ನಮ್ಮ ತಂದೆ ಕಾಲದಲ್ಲೂ ಸಾಕಿಲ್ಲ. ನನಗೆ ಹೇಳಬಹುದು.”

“ನಿಮ್ಮನೇಲಿ ವಯಸ್ಸಾದೋರು ಯಾರಾದ್ರೂ ಅವ್ರಾ ಮೇಷ್ಟ್ರೇ?”

“ಅತ್ತೆ ಬಂದಿದ್ದಾರೆ. ಹೋದ ವಾರ.”

ಮುನಿರತ್ನಮ್ಮ ಬಸ್ಸು ಬರುವ ದಾರಿ ನೋಡಿದಳು. ಕೇಳುವವರು ಅಷ್ಟು ಆಸೆಯಿಂದ ಕೇಳುವಾಗ ಇಲ್ಲವೆನ್ನುವುದು ಅವಳಿಂದಾಗಲಿಲ್ಲ. ಅತ್ತೆಯ ಕೋಣೆಯಲ್ಲಿ ಏನು ಮೇಯುತ್ತಿತ್ತು ಎಂದು ನಾಲ್ಕೇ ಮಾತಿನಲ್ಲಿ ಹೇಳಿದಳು. ಆ ನಾಲ್ಕು ಮಾತು ಇಲ್ಲಿ ಬೇಡ. ಓದುವವರಲ್ಲಿ ಯಾರ ಮನೆಯ ಹುಳು ಎಷ್ಟನೇ ಜ್ವರ ಎದ್ದಿದೆಯೋ ಹೇಳಲಾಗುವುದಿಲ್ಲ.

ಬಸ್ಸು ಬಂತು. ಮೇಷ್ಟ್ರು ಕಂಡಕ್ಟರನ್ನು ಕರೆದು, ಸೈಕಲ್ಲನ್ನು ಬಸ್ಸಿನ ಮೇಲೆ ಹಾಕಿಸಿದರು. ಒಳಗೆ ಬೇಕಾದಷ್ಟು ಸೀಟು ಖಾಲಿಯಿದ್ದರೂ ಡ್ರೈವರನ ಬೆನ್ನಿಗೆ ಅಂಟಿಕೊಂಡಂತೆ ಕೂತು, ರಾಮನಗರ ಬರುವವರೆಗೂ ಅವನ ಜೊತೆ ಹವಾಮಾನದ ವಿಚಾರ ಮಾತಾಡುತ್ತಲೇ ಇದ್ದರು.