ಅಕ್ಕಯ್ಯ ಹೇಳುತ್ತಿದ್ದ ಸಿನಿಮಾ

ಅಕ್ಕಯ್ಯನ ಕೈ ಮಣಿಕಟ್ಟಿನವರೆಗೆ ಒಂದು ಬಣ್ಣ, ಅಲ್ಲಿಂದ ಮೇಲಕ್ಕೆ ಇನ್ನೊಂದು ಬಣ್ಣ. ದಿನವೆಲ್ಲ ಕುದಿನೀರಿನಲ್ಲಿ ರೇಷ್ಮೆಗೂಡು ಆಡಿಸಿ ಆಡಿಸಿ ಬೆರಳುಗಳು ನೆನೆಹಾಕಿದ ಅವರೆಕಾಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಮೊಣಕೈ ಹತ್ತಿರ ಬಂದರೆ ಮುದ್ದೆ ಮಾಡುವ ಮಡಕೆಯ ತಳದಷ್ಟು ಕಪ್ಪು. ಆ ಬೆರಳುಗಳನ್ನು ನಮ್ಮ ಮುಖದ ಮುಂದೆ ಆಡಿಸಿ, "ನೋಡ್ರೇ, ಬೆಳ್ಳಗಾಗಕ್ಕೆ ಸುಲಭದ ದಾರಿ," ಅನ್ನುತ್ತಿದ್ದಳು. "ಬಾಣಲೇಲಿ ಮುಳುಗಿ ಎದ್ಬಿಡಿ. ಹುಳದ ವಾಸ್ನೆ ಹೊಡಿತೀರ ನಿಜ, ಆದ್ರೆ ಗಂಡು ಓಡಿ ಬರ್ತಾನೆ."

ಶಿಡ್ಲಘಟ್ಟದಲ್ಲಿ ಅದೊಂದು ನೂಲು ತೆಗೆಯುವ ಮನೆ. ಹೆಂಚಿನ ಚಾವಡಿ, ಆರು ಚರಕ, ಆರು ಒಲೆ, ಕಣ್ಣಿಗೆ ಹೊಗೆ, ಮೂಗಿಗೆ ಬೆಂದ ಹುಳದ ನಾತ. ಅವಳು ಬಾಣಲೆಯ ಮುಂದೆ ಕೂತು ಗೂಡಿನಿಂದ ಎಳೆ ಹಿಡಿದು ಕೊಡುವುದು, ನಾನು ಎದುರಿಗೆ ನಿಂತು ಚಕ್ರ ತಿರುಗಿಸುವುದು. ಐವತ್ತರ ಇಸವಿಗಳು ಮುಗಿಯುತ್ತಿದ್ದ ಕಾಲ. ನನಗೆ ಹದಿನೈದು ತುಂಬಿತ್ತೋ ಇಲ್ಲವೋ. ಮೂರನೇ ಕ್ಲಾಸಿಗೇ ಸ್ಲೇಟು ಇಟ್ಟು ಬಂದವಳು ನಾನು, ಆಮೇಲೆ ಕಲಿತದ್ದೆಲ್ಲ ಆ ಚಕ್ರದ ಹತ್ತಿರವೇ.

ಊರಾಚೆಯ ಬಯಲಿನಲ್ಲಿ ಟೆಂಟ್ ಸಿನಿಮಾ ಬಂದು ಕೂತಿತ್ತು. ಅದರ ಪರದೆಯ ಹಿಂಬದಿಗೆ, ನಾಲ್ಕು ಮಾರು ದೂರದಲ್ಲಿ ಅವಳ ಗುಡಿಸಲು. ನಮಗೆಲ್ಲ ಅವಳು ಅಕ್ಕಯ್ಯ, ಹೆಸರು ಹಿಡಿದು ಕರೆದವರಿಲ್ಲ. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ ದಿನ ಉಟ್ಟ ಸೀರೆಯಲ್ಲೇ ಮನೆ ಬಿಟ್ಟವಳು ಅಂತ ದೊಡ್ಡವರು ಮಾತಾಡಿಕೊಳ್ಳುತ್ತಿದ್ದರು. ಅವಳ ಬಾಯಲ್ಲಿ ಒಂದು ದಿನವೂ ಆ ಸುದ್ದಿ ಬರಲಿಲ್ಲ. ಅವಳ ಬಾಯಲ್ಲಿ ಬರುತ್ತಿದ್ದದ್ದು ಸಿನಿಮಾ. ಬೆಳಿಗ್ಗೆ ಬಂದು, ಒಲೆಗೆ ಸೌದೆ ದೂಡಿ, ಮೊದಲ ಎಳೆ ಕೈಗೆ ಸಿಕ್ಕಿದ ಕೂಡಲೇ, "ಕೇಳ್ರಮ್ಮಾ, ನೆನ್ನೆ ಹೊಸಾ ಆಟ!" ಅನ್ನುತ್ತಿದ್ದಳು. ಅಷ್ಟೇ! ಆರು ಚರಕದವರ ಕಿವಿಯೂ ಅತ್ತಲೇ. ನಮ್ಮಲ್ಲಿ ಯಾರನ್ನೂ ಮನೆಯವರು ಟೆಂಟಿಗೆ ಕಳಿಸುತ್ತಿರಲಿಲ್ಲ, ನಾವು ನೋಡಿದ ಸಿನಿಮಾ ಅಂದರೆ ಅವಳು ಹೇಳಿದ ಸಿನಿಮಾ. ಮಾಲೀಕ ಸಾಹೇಬರೂ ಬೈಯುತ್ತಿರಲಿಲ್ಲ. ಕಥೆ ನಡೆಯುವ ದಿನ ನೂಲು ತುಂಡಾಗುವುದು ಕಡಿಮೆ ಅಂತ ಅವರೂ ಕಂಡುಕೊಂಡಿದ್ದರು.

ಅಯ್ಯೋ, ಅವಳು ಹೇಳುತ್ತಿದ್ದ ಚೆಂದ! ಪಾತ್ರಕ್ಕೊಂದು ಮುಖ ಹುಡುಕಿ ಕೊಡುತ್ತಿದ್ದಳು, ಎಲ್ಲ ನಮಗೆ ಗೊತ್ತಿದ್ದ ಮುಖಗಳೇ. "ನಾಯಕಿ ಹೆಂಗವಳೆ ಅಂತೀರಾ? ಜಂಗಮಕೋಟೆಯಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತರ್ತಾಳಲ್ಲ ಉದ್ದನೇ ಹೆಂಗ್ಸು, ಅವಳ ನಿಲುವು. ಬಣ್ಣ ಮಾತ್ರ ಈ ನಮ್ಮ ಚಕ್ರದ ಹುಡುಗೀದು." ಅಂತ ನನ್ನ ಕಡೆ ಗದ್ದ ಎತ್ತಿ ತೋರಿಸುವಳು. ನಾನು ಉಬ್ಬಿ ಚಕ್ರವನ್ನು ಗಿರಗಿರ ತಿರುಗಿಸಿದರೆ, "ನಿಧಾನ ಕಣೇ ಮಹಾರಾಣಿ, ಎಳೆ ಕಿತ್ತೋಯ್ತದೆ," ಅಂತ ಗದರುವಳು.

ನನಗೆ ಅದು ಬರೀ ಕಥೆಯಾಗಿರಲಿಲ್ಲ. ಅಷ್ಟರೊಳಗೆ ನನ್ನನ್ನು ನೋಡಲು ಎರಡು ಗಂಡಿನ ಕಡೆಯವರು ಬಂದು ಹೋಗಿದ್ದರು. ಎರಡೂ ಕಡೆಯವರು ಉಪ್ಪಿಟ್ಟು ತಿಂದು, ಬಾಳೆಹಣ್ಣು ಸುಲಿದು, "ಹುಡುಗಿ ಲಕ್ಷಣವಾಗವಳೆ, ಬಣ್ಣ ಒಂದು ಸ್ವಲ್ಪ..." ಅಂತ ಮಾತು ಅರ್ಧಕ್ಕೇ ಬಿಟ್ಟು ಎದ್ದಿದ್ದರು. ಅಮ್ಮ ಬೆಳಗಾದರೆ ಕಡಲೆಹಿಟ್ಟು, ಕೆನೆ, ಅರಿಶಿನ ಕಲಸಿ ಚರ್ಮ ಕಿತ್ತು ಬರುವ ಹಾಗೆ ನನ್ನ ಮುಖ ಉಜ್ಜುತ್ತಿದ್ದಳು. ಒಂದು ದಿನ ಅವಳ ಕೈ ಹಿಡಿದು, "ಸಾಕು ಬಿಡಮ್ಮ, ಸಿನಿಮಾದಲ್ಲಿ ನಾಯಕೀನೇ ಕಪ್ಪಂತೆ," ಅಂದೆ.

"ಹೌದೇನೇ?" ಅಂದಳು ಅಮ್ಮ. ಅವಳೂ ಸಿನಿಮಾ ಕಂಡವಳಲ್ಲ. ಕಡಲೆಹಿಟ್ಟಿನ ಬಟ್ಟಲನ್ನು ಎತ್ತಿ ಅಟ್ಟದ ಮೇಲಿಟ್ಟಳು. ಅಕ್ಕಯ್ಯನ ಮಾತು ನಮ್ಮ ಮನೆಯ ಅಟ್ಟದವರೆಗೂ ನಡೆಯುತ್ತಿತ್ತು!

ಆಮೇಲೆ ಬಂತು ಆ ಏಟಿನ ಆಟ. ಗಂಡ ಪಟ್ಟಣದಿಂದ ಹೊಸ ಹೆಂಡತಿಯನ್ನು ಕರೆದುಕೊಂಡು ಬರುತ್ತಾನೆ, ನಾಯಕಿ ಹೊಸಲಿನ ಮೇಲೆ ನಿಂತಿದ್ದಾಳೆ. ಅಕ್ಕಯ್ಯ ಎಳೆಯನ್ನು ಎಡಗೈಗೆ ದಾಟಿಸಿ ಬಲಗೈ ಎತ್ತಿ, "ಫಟಾರ್!" ಅಂದಳು. "ಐದು ಬೆರಳೂ ಮೂಡ್ತು ಅವನ ಕೆನ್ನೇಲಿ. ಹೊಸಬಳು ಗೊಳೋ ಅಂತ ಅಳ್ತಾಳೆ. ಇವಳು ಮಾತ್ರ ಹೊಸಲು ಬಿಟ್ಟು ಕದಲ್ಲಿಲ್ಲ."

"ಇನ್ನೊಂದ್ಸಲ ಹೊಡಿಸೇ ಅಕ್ಕಯ್ಯ!" ಅಂತ ಪಕ್ಕದ ಚರಕದವಳು ಕೂಗಿದಳು. ಹೊಡೆಸಿದಳು. ಆ ವಾರವೆಲ್ಲ ಆ ಗಂಡಸಿಗೆ ಬಿದ್ದ ಏಟು ಎಷ್ಟೋ, ದೇವರೇ ಬಲ್ಲ.

ಅದೇ ವಾರ ಚಿಂತಾಮಣಿಯಿಂದ ನಮ್ಮ ಸೋದರಮಾವ ಬಂದ. ಮೂರನೇ ಗಂಡಿನ ಕಡೆಯವರು ಬರುವುದು ಗೊತ್ತಾಗಿತ್ತು, ಅದಕ್ಕೆ ಮೊದಲು ಹುಡುಗಿಯ ಮನಸ್ಸು ಹಗುರಾಗಲಿ ಅಂತ ನನ್ನನ್ನೂ ಅಮ್ಮನನ್ನೂ ಸಂಜೆಯ ಮೊದಲನೇ ಆಟಕ್ಕೆ ಕರೆದುಕೊಂಡು ಹೋದ. ಮರಳಿನ ಮೇಲೆ ಹೆಂಗಸರು ಇತ್ತ, ಗಂಡಸರು ಅತ್ತ, ನಡುವೆ ಬಟ್ಟೆಯ ಮರೆ. ಅಕ್ಕಪಕ್ಕ ಕೂತವರಿಗೆಲ್ಲ ನಾನೇ ಮುಂದಿನ ಕಥೆ ಹೇಳುತ್ತಿದ್ದೆ. ಸುಣ್ಣ ಬಳಿದ ಗೋಡೆಯಂಥವಳೊಬ್ಬಳು ಬಂದಾಗ, "ಇವಳ್ಯಾರೋ ಬೇರೆ, ನಾಯಕಿ ಇನ್ನೂ ಬರ್ತಾಳೆ," ಅಂದೆ. ಆಮೇಲೆ ಕಪ್ಪಗಿನವಳೊಬ್ಬಳು ಬಂದಳು. ನಾನು ನೆಟ್ಟಗೆ ಕೂತೆ. ಅವಳ ಕೈಯಲ್ಲಿ ಕಸಪೊರಕೆ. ಕಾಲು ಜಾರಿ ಬಿದ್ದಳು, ಟೆಂಟಿನ ತುಂಬ ನಗು. ಎದ್ದು ಕನ್ನಡಿ ನೋಡಿ ಪೌಡರು ಬಳಿದುಕೊಂಡಳು, ಮತ್ತೂ ದೊಡ್ಡ ನಗು. ಆಮೇಲೆ ಆ ಹೊಸಲಿನ ದೃಶ್ಯ ಬಂತು. "ಈಗ ನೋಡಮ್ಮ, ಹೊಡಿತಾಳೆ," ಅಂತ ಅಮ್ಮನ ಕೈ ಅದುಮಿದೆ. ಫಟಾರ್! ಹೊಡೆದವನು ಗಂಡ. ಆ ಬೆಳ್ಳಗಿನವಳೇ ನಾಯಕಿ, ಅವನ ಕಾಲು ಹಿಡಿದು ಅತ್ತಳು. ಮರೆಯ ಆಚೆ ಗಂಡಸರು ಶಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು.

ನಡುವೆ ದೀಪ ಹಾಕಿದಾಗ ಬಟ್ಟೆಯ ಸಂದಿಯಿಂದ ಇಣುಕಿದವನೊಬ್ಬ ನನ್ನನ್ನು ಕಂಡು, "ಲೋ, ಕಸಪೊರಕೆಯವಳು ಇಲ್ಲೇ ಕೂತವ್ಳೆ ಕಣ್ರೋ!" ಅಂತ ಕೂಗಿದ. ಮರುದಿನ ಬೆಳಿಗ್ಗೆ ಎದ್ದ ಅಮ್ಮ ಅಟ್ಟದಿಂದ ಕಡಲೆಹಿಟ್ಟಿನ ಬಟ್ಟಲು ಕೆಳಗಿಳಿಸಿದಳು.

ಉರಿಯುವ ಮುಖ ಹೊತ್ತು ಚಾವಡಿಗೆ ಹೋಗಿ ಎಲ್ಲರೆದುರಿಗೆ ಕಿರುಚಿದೆ. "ಸುಳ್ಳಿ ಕಣೇ ನೀನು! ನಾಯಕಿ ಬೆಳ್ಳಗವಳೆ! ಹೊಡೆದದ್ದು ಅವನು! ಕಪ್ಪಗಿರೋಳು ಕಸ ಗುಡಿಸ್ತಾಳೆ! ನೀನು ನೋಡಿದ್ದು ಅದ್ಯಾವ ಆಟ?"

ಅಕ್ಕಯ್ಯ ಎಳೆ ಬಿಡಲಿಲ್ಲ. "ನಾನೆಲ್ಲಿ ನೋಡ್ದೆ?" ಅಂದಳು.

ಆರು ಚಕ್ರವೂ ನಿಂತವು.

"ಒಂಟಿ ಹೆಂಗ್ಸು ಟೆಂಟಿಗೆ ಹೋದ್ರೆ ಊರು ಸುಮ್ನಿರ್ತದಾ? ನಮ್ಮ ಗುಡ್ಲಿಗೆ ಮಾತೆಲ್ಲ ಕೇಳಿಸ್ತದೆ. ಮುದ್ದೆ ತಿರುವ್ತಾ ಕೇಳ್ತೀನಿ. ಧ್ವನಿ ಅವ್ರು ಕೊಡ್ತಾರೆ, ಮುಖ ನಾನು ಹಾಕ್ತೀನಿ. ನಂಗೆ ಗೊತ್ತಿರೋ ಮುಖ ತಾನೇ ಹಾಕ್ಬೇಕು?"

"ಮತ್ತೆ ಆ ಏಟು?"

"ಏಟು ಕೇಳಿಸ್ತು. ಕೊಟ್ಟೋರು ಯಾರು ಅಂತ ಗುಡ್ಲಿಗೆ ಬಂದು ಹೇಳ್ತಾರೇನೇ? ಆಮೇಲೆ ಹೆಂಗ್ಸು ಅಳೋದು ಕೇಳಿಸ್ತು. ಹೊಸಬಳು ಇರ್ಬೇಕು ಅಂದ್ಕೊಂಡೆ. ಹೊಸಲ ಮೇಲೆ ನಿಂತೋಳು ಯಾಕೆ ಅಳ್ಬೇಕು?"

"ಅಯ್ಯೋ ದೇವುಡಾ, ಇಷ್ಟು ವರ್ಷ ನಮ್ಮನ್ನ ಆಡಿಸ್ದಳಲ್ಲಪ್ಪ!" ಅಂತ ಒಬ್ಬಳು ಹಣೆ ಚಚ್ಚಿಕೊಂಡಳು. ಇನ್ನೊಬ್ಬಳು, "ಹಂಗಾದ್ರೆ ನೀನು ಹೇಳಿದ್ಯಲ್ಲ, ಆ ತಮಿಳಿನ ಆಟ?" ಅಂದಳು.

"ಅದ್ರಲ್ಲಿ ಒಂದು ಮಾತೂ ಅರ್ಥ ಆಗ್ಲಿಲ್ಲಮ್ಮ. ಅದಕ್ಕೇ ಅಷ್ಟು ಚೆನ್ನಾಗಿತ್ತು."

ಎಲ್ಲರೂ ನಕ್ಕರು. ನಾನೂ ನಕ್ಕು ಅಲ್ಲಿಗೆ ಬಿಟ್ಟಿದ್ದರೆ ಆಗುತ್ತಿತ್ತು. ಬಿಡಲಿಲ್ಲ. ನನಗೆ ಆದದ್ದು ಅವಳಿಗೂ ಆಗಬೇಕಿತ್ತು. "ನಿನ್ನ ಕಣ್ಣಲ್ಲೇ ನೋಡು ಬಾ," ಅಂತ ಹಟ ಹಿಡಿದು, ಜೊತೆಗೆ ಅಮ್ಮನೂ ಇರುತ್ತಾಳೆ, ಊರು ಏನೂ ಅನ್ನುವುದಿಲ್ಲ ಅಂತ ಒಪ್ಪಿಸಿ, ಟೆಂಟಿನವರು ಆ ಆಟ ಬದಲಾಯಿಸುವ ಮೊದಲೇ ಎಳೆದುಕೊಂಡು ಹೋದೆ. ಅವಳು ತಲೆಗೆ ಎಣ್ಣೆ ಹಚ್ಚಿ ಬಾಚಿ, ಕನಕಾಂಬರ ಮುಡಿದು ಬಂದಿದ್ದಳು. ಅದನ್ನು ನೆನೆದರೆ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಟ ಶುರುವಾಯಿತು. ಮಾತೆಲ್ಲ ಅವಳಿಗೆ ಬಾಯಿಪಾಠ, ಪರದೆಯ ಮೇಲಿನವರಿಗಿಂತ ಮೊದಲೇ ಅವಳ ತುಟಿ ಅಲ್ಲಾಡುತ್ತಿತ್ತು. ಕಸಪೊರಕೆಯವಳು ಬಿದ್ದಾಗ ಎಲ್ಲರೂ ನಕ್ಕರು, ಅವಳು ತಿರುಗಿ ನನ್ನ ಮುಖ ನೋಡಿದಳು. ಏಟು ಬಿದ್ದಾಗ ತನ್ನ ಕೆನ್ನೆ ಮುಟ್ಟಿಕೊಂಡಳು. ಆಚೆ ಬಂದ ಮೇಲೆ, "ಬೆಳಕು ಜಾಸ್ತಿ ಕಣೇ," ಅಂದಳು.

ಮುಂದಿನ ವಾರ ಹೊಸ ಆಟ. "ಹೇಳೇ ಅಕ್ಕಯ್ಯ, ನೋಡಿದ್ರೇನು ಬಿಟ್ರೇನು, ನಿಂದೇ ಚೆನ್ನ," ಅಂತ ಎಲ್ಲರೂ ಗೋಗರೆದರು. ಅವಳೂ ಶುರು ಮಾಡಿದಳು. "ನಾಯಕಿ ಹೆಂಗವಳೆ ಅಂದ್ರೆ..." ಅಂದವಳು ತಡೆದಳು. ಬಾಣಲೆಯೊಳಗೆ ಗೂಡುಗಳು ಸುಮ್ಮನೆ ಕುಣಿಯುತ್ತಿದ್ದವು. "ಬೇರೆ ಮುಖ ಬರ್ತಿಲ್ಲ ಕಣ್ರೇ. ಆ ಬಿಳೀ ಮುಖಾನೇ ಬರ್ತದೆ. ಆ ಸೊಪ್ಪಿನ ಹೆಂಗ್ಸನ್ನ ತಂದು ನಿಲ್ಲಿಸ್ತೀನಿ, ನಿಂತ ಕೂಡ್ಲೇ ಅವಳು ಕಸಪೊರಕೆ ಹಿಡ್ಕೊಂಡ್ಬಿಡ್ತಾಳೆ."

ಆಮೇಲೆ ಆ ಚಾವಡಿಯಲ್ಲಿ ಉಳಿದದ್ದು ಚಕ್ರದ ಕಿರಕಿರ ಒಂದೇ.

ಇದನ್ನು ನಾನು ಬರೆಯುತ್ತಿರುವುದು ಅರ್ಧ ಸಿಟ್ಟಿಗೆ, ಅರ್ಧ ಸಂತೋಷಕ್ಕೆ. ಸಂತೋಷ ಯಾಕೆಂದರೆ ಹನ್ನೊಂದು ದಿನದ ಹಿಂದೆ ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ನಾಲ್ಕು ಗಂಡು ಮೊಮ್ಮಕ್ಕಳ ನಡುವೆ ಒಂದೇ ಒಂದು ಹೆಣ್ಣು, ನೇರಳೆ ಹಣ್ಣಿನ ಹಾಗೆ ಮಿರಮಿರ ಮಿಂಚುತ್ತಾಳೆ. ಬೀದಿಗೆಲ್ಲ ಸಕ್ಕರೆ ಹಂಚಿ ಬಂದೆ, ಸಿಕ್ಕವರ ಕೈ ಹಿಡಿದು ಹೇಳಿದೆ, ಇನ್ನೂ ನನಗೆ ಸಾಲದು. ಸಿಟ್ಟು ಯಾಕೆಂದರೆ, ನೋಡಲು ಬಂದ ಒಬ್ಬಳು ತೊಟ್ಟಿಲಿಗೆ ಬಗ್ಗಿ, "ದಿನಾ ಕಡಲೆಹಿಟ್ಟು ಹಚ್ಚಿ, ಟಿವಿಯಲ್ಲಿ ಬರೋ ಹುಡುಗೀರ ಥರ ಆಗ್ತಾಳೆ," ಅಂದಳು. ಹನ್ನೊಂದು ದಿನದ ಕೂಸಿಗೆ! ಅಷ್ಟು ವರ್ಷದ ಹಿಂದಿನ ಆ ಬಿಳೀ ಮುಖ ಇನ್ನೂ ನಮ್ಮ ಮನೆ ಬಿಟ್ಟು ಹೋಗಿಲ್ಲವಲ್ಲ! ಯಾರಿಗೆ ಹೇಳುವುದು, ಯಾವ ಗೋಡೆಗೆ ತಲೆ ಚಚ್ಚಿಕೊಳ್ಳುವುದು?

ಆ ಮೂರನೇ ಗಂಡಿನ ಕಡೆಯವರು ನನ್ನನ್ನು ಒಪ್ಪಿದರು. ಗೌರಿಬಿದನೂರಿನ ಕಡೆಯವರು. ಹುಡುಗ ನನಗಿಂತ ಒಂದು ಕೈ ಹೆಚ್ಚೇ ಕಪ್ಪಗಿದ್ದರು, ಅವರ ಬಣ್ಣವನ್ನು ಮಾತ್ರ ಯಾರೂ ಕೇಳಲಿಲ್ಲ. ಗಂಡನ ಮನೆಗೆ ಹೊರಡುವ ದಿನ ಅಕ್ಕಯ್ಯ ಬಂದು ಕುಂಕುಮ ಇಟ್ಟು ಹೋದಳು. ಸಿನಿಮಾದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪಾಯಿತು ಅನ್ನುವ ಒಂದು ಮಾತನ್ನು ಹೇಳದೇ ಬಸ್ಸು ಹತ್ತಿದೆ.

ಆರೇಳು ವರ್ಷ ಕಳೆದು ಒಮ್ಮೆ ತವರಿಗೆ ಬಂದಾಗ, ಅಕ್ಕಯ್ಯ ಹಾಸಿಗೆ ಹಿಡಿದಿದ್ದಾಳೆ ಅಂದರು. ಒಲೆಯ ಹೊಗೆ ಕುಡಿದು ಕುಡಿದು ಎದೆ ಕಟ್ಟಿತ್ತು. ಸಂಜೆ ಅವಳ ಗುಡಿಸಲಿಗೆ ಹೋದೆ. ಎರಡು ಕಿವಿಗೂ ಹತ್ತಿ ತುರುಕಿಕೊಂಡು ಮಲಗಿದ್ದಳು. "ಇದೇನೇ ಅಕ್ಕಯ್ಯ?" ಅಂತ ಕೈಸನ್ನೆ ಮಾಡಿದೆ.

"ಆಟ ಶುರುವಾಗ್ತದೆ. ಕೇಳಿದ್ರೆ ಆ ಬಿಳೀ ಮುಖದವ್ರೇ ಬರ್ತಾರೆ."

ನನಗೆ ಅಳುವೂ ಸಿಟ್ಟೂ ಒಟ್ಟಿಗೆ ಬಂದವು. ಎರಡೂ ಕಿವಿಯ ಹತ್ತಿ ಕಿತ್ತು ಒಲೆಗೆ ಹಾಕಿದೆ. ಟೆಂಟಿನಿಂದ ಹೆಂಗಸೊಬ್ಬಳ ನಗು ಕೇಳುತ್ತಿತ್ತು, ಗಟ್ಟಿ ನಗು.

"ಈಗ ನಗ್ತಾ ಇರೋಳು ಯಾರು ಗೊತ್ತಾ?" ಅಂದೆ. "ನಿನ್ನ ಥರಾನೇ ಅವಳೆ. ಕಪ್ಪಗೆ, ಗುಂಡಗೆ, ಅಗಲ ಹಣೆ."

"ಥೂ, ನಿಂಗೆ ಹೇಳಕ್ಕೆ ಬರಲ್ಲ ಕಣೇ." ಅವಳಿಗೆ ಕೆಮ್ಮು ಬಂತು. "ನಾನು ಗುಂಡಗಿದ್ದದ್ದು ಯಾವಾಗ? ವಯಸ್ನಲ್ಲಿ ಬಿದಿರ ಕಡ್ಡಿ ಥರ ಇದ್ದೆ."

"ಸರಿ, ಬಿದಿರ ಕಡ್ಡಿ. ಹಸಿರು ಸೀರೆ ಉಟ್ಟವಳೆ."

"ಹಸಿರಲ್ಲ, ಕೆಂಪು. ಕಾಲಲ್ಲಿ ಬೆಳ್ಳಿ ಕಡಗ." ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. "ಬಾವಿ ಕಟ್ಟೆ ಮೇಲೆ ಕೂತವಳೆ. ಅವನು ಏನೋ ಕೇಳ್ದ, ಅದಕ್ಕೇ ನಗ್ತಾವಳೆ. ನೋಡು, ನೋಡು, ಉತ್ತರ ಕೊಡದೇ ಎದ್ದು ಹೋಗ್ತಾವಳೆ."

ಮಧ್ಯಂತರದವರೆಗೂ ಹೇಳಿದಳು. ಆಮೇಲೆ ಉಸಿರು ಸಾಲದೆ ನಿದ್ದೆ ಹೋದಳು. ನಾನು ಮಗುವಿಗೆ ಹಾಲು ಕುಡಿಸಬೇಕಿತ್ತು, ಎದ್ದು ಬಂದೆ. ಗೌರಿಬಿದನೂರಿಗೆ ಮರಳಿ ಒಂದು ತಿಂಗಳೂ ಆಗಿರಲಿಲ್ಲ, ಅಕ್ಕಯ್ಯ ಹೋದಳು ಅಂತ ಬಸ್ಸಿನಲ್ಲಿ ಬಂದವರು ಯಾರೋ ಹೇಳಿದರು.

ಆ ಸಂಜೆಯ ಆಟದ ಹೆಸರೇನು ಅಂತ ನಾನು ಯಾರನ್ನೂ ಕೇಳಲಿಲ್ಲ. ಆ ಕಾಲದ ಹಳೇ ಸಿನಿಮಾ ಟಿವಿಯಲ್ಲಿ ಬಂದರೆ ಎದ್ದು ಆಚೆ ಹೋಗುತ್ತೇನೆ. ಎಲ್ಲಾದರೂ ಅದೇ ಆಗಿಬಿಟ್ಟರೆ, ಆ ನಗು ಬಂದ ಕೂಡಲೇ ಬಾವಿ ಕಟ್ಟೆಯ ಮೇಲೆ ಅಕ್ಕಯ್ಯನ ಬದಲು ಬೇರೆ ಯಾರೋ ಕೂತುಬಿಡುತ್ತಾರೆ.