ಉಜ್ಜಿ ಅಳಿಸಿದ ಹೆಸರು

ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ನಾನು ಹಿಡಿದ ಪ್ರಾಜೆಕ್ಟು ಇದು: ಒಂದು ವಸ್ತುವಿನ ಮೇಲ್ಮೈ ಎಷ್ಟು ಬೆಳಕನ್ನು, ಯಾವ ದಿಕ್ಕಿಗೆ ಹಿಂತಿರುಗಿಸುತ್ತದೆ ಎಂದು ಅದರ ಫೋಟೋಗಳಿಂದಲೇ ಲೆಕ್ಕ ಹಾಕುವುದು. ಸುಣ್ಣದ ಗೋಡೆ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ. ತಿಕ್ಕಿದ ಹಿತ್ತಾಳೆ ಒಂದೇ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ. ಲೆಕ್ಕ ಸರಿಬಂದರೆ, ಕಂಪ್ಯೂಟರ್ ಬರೆದ ಚಿತ್ರ ಯಾವ ದೀಪದ ಕೆಳಗಾದರೂ ನಿಜದ್ದೇ ಅನ್ನಿಸಬೇಕು. ಕಾಲೇಜಿನಲ್ಲಿ ಬೇರೆ ಯಾರೂ ಇದನ್ನು ಮುಟ್ಟಿರಲಿಲ್ಲ. ನನಗೋ, ಕೊಂಬು ಬಂದಿತ್ತು.

ಮೂಡಲಪಾಳ್ಯದ ನಮ್ಮ ಬಾಡಿಗೆ ಮನೆಯಲ್ಲಿ ಹೊಳೆಯುವ ವಸ್ತು ಅಂತ ಇದ್ದದ್ದು ಒಂದು ಹಿತ್ತಾಳೆ ಚೊಂಬು. ಅಮ್ಮನ ತಾಯಿಯದು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಕೊಟ್ಟಳು.

"ಹುಷಾರು ಕಣೋ, ಬೀಳಿಸ್ಬೇಡ."

ಬೀಳಿಸಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡಿದೆ. ಚೊಂಬಿನ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಅಜ್ಜಿಯ ಹೆಸರು ಕೊರೆದಿತ್ತು. ಒಂದೊಂದು ಚುಕ್ಕಿಯೂ ಬೇರೆ ಬೇರೆಯಾಗಿ ಮಿಂಚಿ ನನ್ನ ಲೆಕ್ಕ ಕೆಡಿಸುತ್ತದೆ ಎಂದುಕೊಂಡೆ. ಆ ಕಡೆಯ ಫೋಟೋ ಬಿಟ್ಟಿದ್ದರೆ ಆಗಿತ್ತು! ಆದರೆ ಸುತ್ತಲೂ ಬೇಕು ಅನ್ನುವ ಹಟ. ಅಮ್ಮ ತರಕಾರಿಗೆ ಹೋದಾಗ ಉಪ್ಪುಕಾಗದ ಹಿಡಿದು ಕೂತೆ. ಮೊದಲೇ ಅರ್ಧ ಸವೆದಿದ್ದ ಅಕ್ಷರಗಳು, ಪೂರ್ತಿ ಹೋಗುವವರೆಗೂ ಉಜ್ಜಿದೆ. ಮತ್ತೆ ಪಾಲಿಶ್ ಹಚ್ಚಿದೆ. ಒಂದು ಮಾತು ಕೇಳಬೇಕು ಅಂತಲೂ ತೋಚಲಿಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಆಮೇಲೆ ಅತ್ತಿಗುಪ್ಪೆಯ ಗೆಳೆಯನ ಡಿಜಿಟಲ್ ಕ್ಯಾಮೆರಾ ತಂದು ನಲವತ್ತು ಫೋಟೋ ತೆಗೆದೆ. ವಾರ ಕಳೆದು ಡಬ್ಬಿಯಂಥ ಮಾನಿಟರಿನಲ್ಲಿ ಚೊಂಬು ಮೂಡಿದಾಗ ಅಮ್ಮನನ್ನು ಕೂಗಿ ಕರೆದೆ. ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಯ್ಯೋ, ನಮ್ದೇ ಚೊಂಬು! ಹೆಸ್ರು ಆ ಕಡೆ ಇದ್ಯಾ? ತಿರುಗ್ಸು ನೋಡೋಣ."

ಮೌಸ್ ಎಳೆದು ಚಿತ್ರವನ್ನು ಪೂರ್ತಿ ತಿರುಗಿಸಿದೆ. ಅಮ್ಮ ಮೇಜಿನ ಮೇಲಿದ್ದ ನಿಜವಾದ ಚೊಂಬನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಸವರಿದಳು, ಸುತ್ತಲೂ, ಎರಡು ಸಲ.

"ಚುಕ್ಕಿ ಇದ್ರೆ ಲೆಕ್ಕ ಬರಲ್ಲಮ್ಮ," ಅಂದೆ. "ಉಜ್ಬಿಟ್ಟೆ."

ಬೈಯಲಿಲ್ಲ. ಎರಡು ಬಾರಿಸಿದ್ದರೂ ನನಗೆ ಇಷ್ಟು ನೋಯುತ್ತಿರಲಿಲ್ಲ.

"ನಮ್ಮಮ್ಮಂದು ಒಂದ್ ಫೋಟೋನೂ ಇಲ್ಲ ಕಣೋ. ಇದೊಂದೇ ಇದ್ದಿದ್ದು." ಆಮೇಲೆ ನನ್ನನ್ನೇ ಸಮಾಧಾನ ಮಾಡುವವಳಂತೆ, "ಹೋಗ್ಲಿ ಬಿಡು. ಉಜ್ಜೋಕ್ ಮುಂಚೆ ಒಂದ್ ಫೋಟೋ ಆದ್ರೂ ತೆಗ್ದಿರ್ತೀಯಲ್ಲ? ಅದನ್ನ ತೋರ್ಸು," ಅಂದಳು.

ತೆಗೆದಿರಲಿಲ್ಲ. ಆದರೂ ನಲವತ್ತು ಫೋಟೋಗಳನ್ನೂ ಒಂದೊಂದಾಗಿ ತೆರೆಯುತ್ತಾ ಹೋದೆ. ಅಮ್ಮ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, ಕೊನೆಯದು ಬರುವವರೆಗೂ ಹುಡುಕಿದಳು.